ಮುಳ್ಳು ಮೂಡದ ಕುಸುರೆಳ್ಳು

ಧಾರವಾಡದ ಮಳೆ ಬಗ್ಗೆ ಹೇಳಿ ಹೆದರಿಸಿದವರು ಬೇಕಾದಷ್ಟು ಜನ. ಅವರ ಮಾತು ಕೇಳಿ ಎರಡೆರಡು ಕೊಡೆ ಕೊಂಡಿದ್ದೆ. ಚಳಿಯ ವಿಷಯ ಮಾತ್ರ ಒಬ್ಬರೂ ಬಾಯಿಬಿಟ್ಟಿರಲಿಲ್ಲ. 1997ರ ಡಿಸೆಂಬರಿನಲ್ಲಿ ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ಹಾಸ್ಟೆಲಿನ ಹಿತ್ತಲಲ್ಲಿ ಬಕೀಟು ಹಿಡಿದು ನಿಂತಾಗ, ನನ್ನ ಹಲ್ಲುಗಳು ತಮ್ಮಷ್ಟಕ್ಕೆ ತಾವೇ ಮಾತಾಡತೊಡಗಿದವು.

ಅಪ್ಪನದು ಬ್ಯಾಂಕ್ ಕೆಲಸ. ಧಾರವಾಡಕ್ಕೆ ವರ್ಗವಾಗಿ ಬಂದರು, ನನ್ನನ್ನು ಅಲ್ಲಿನ ಒಂದು ಮಹಿಳಾ ಕಾಲೇಜಿಗೆ ಸೇರಿಸಿದರು, ಆರೇ ತಿಂಗಳಲ್ಲಿ ಮತ್ತೆ ವರ್ಗವಾಗಿ ಹೋದರು. ಉಳಿದದ್ದು ನಾನು, ನನ್ನ ಟ್ರಂಕು, ಆ ಎರಡು ಕೊಡೆ. ಹಾಸ್ಟೆಲಿನಲ್ಲಿ ಯಾರಿಗೂ ಹೆಸರಿರಲಿಲ್ಲ, ಊರಷ್ಟೇ. ವಿಜಾಪುರದಾಕಿ, ಶಿರಸಿಯಾಕಿ, ಹಾವೇರಿಯಾಕಿ. ನನ್ನದು ಮಂಡ್ಯ ಅಂತ ಎಷ್ಟು ಸಲ ಹೇಳಿದರೂ ಪ್ರಯೋಜನವಾಗಲಿಲ್ಲ. ಬೆಂಗಳೂರಿನಿಂದ ಆಚೆ ಇರುವುದೆಲ್ಲ ಅವರ ಲೆಕ್ಕದಲ್ಲಿ ಮೈಸೂರೇ. ಹಾಗಾಗಿ ನಾನು ಮೈಸೂರಾಕಿ.

ಹಿತ್ತಲಲ್ಲಿ ಇದ್ದದ್ದು ಒಂದೇ ಒಂದು ತಾಮ್ರದ ಬಂಬ. ಅದಕ್ಕೆ ಕಟ್ಟಿಗೆ ಒಟ್ಟಿ ಉರಿ ಹಾಕುವುದು ಹಾಸ್ಟೆಲಿನ ಕೆಲಸದವಳಾದ ಮೌಶಿಯ ಪಾಲು. ಬಂಬ ಒಂದು, ಹುಡುಗಿಯರು ಅರವತ್ತು. ಮೊದಲ ಇಪ್ಪತ್ತು ಜನಕ್ಕೆ ಬಿಸಿನೀರು, ನಂತರದ ಇಪ್ಪತ್ತಕ್ಕೆ ಉಗುರುಬೆಚ್ಚಗೆ, ಕೊನೆಯ ಇಪ್ಪತ್ತಕ್ಕೆ ಮೌಶಿಯ ಸಮಾಧಾನದ ಮಾತು. ಪಾಳಿ ಹಿಡಿಯಲು ರಾತ್ರಿಯೇ ಬಕೀಟು ಸಾಲಿಗಿಟ್ಟು ಮಲಗಬೇಕು. ನಾನು ಮೂರನೆಯದಾಗಿ ಇಟ್ಟ ಬಕೀಟು ಬೆಳಗಾಗುವಷ್ಟರಲ್ಲಿ ಮೂವತ್ತನೆಯದಾಗಿರುತ್ತಿತ್ತು. ಬಕೀಟಿಗೆ ಕಾಲು ಬರುತ್ತದೆ ಎಂದು ನಂಬಿದ್ದು ನನ್ನ ಇಡೀ ಜೀವನದಲ್ಲಿ ಆ ಎರಡು ತಿಂಗಳು ಮಾತ್ರ.

ಆ ವರ್ಷವೇ ಧಾರವಾಡ ಜಿಲ್ಲೆಯನ್ನು ಒಡೆದು ಗದಗ, ಹಾವೇರಿ ಬೇರೆ ಮಾಡಿದ್ದರು. ಸರ್ಕಾರ ಏನು ಉದ್ದೇಶ ಇಟ್ಟುಕೊಂಡು ಮಾಡಿತ್ತೋ, ನಮ್ಮ ಹಿತ್ತಲಲ್ಲಿ ಅದು ಬಿಸಿನೀರಿನ ಜಗಳಕ್ಕೆ ಬಂತು. "ನಿಮ್ಮ ಜಿಲ್ಲಾನ ಬ್ಯಾರೆ ಆತಲ್ಲಲೇ, ನಿಮ್ಮ ಬಂಬಾನೂ ಬ್ಯಾರೆ ಮಾಡ್ಕೋರಿ" ಅಂತ ಧಾರವಾಡದಾಕಿ ಹಾವೇರಿಯಾಕಿಯ ಬಕೀಟನ್ನು ಕಾಲಿನಿಂದ ಸರಿಸಿದಳು. ಹಾವೇರಿಯಾಕಿ ಬಿಡಲಿಲ್ಲ: "ಹಂಗಾರ ನಮ್ಮ ಊರಿಂದ ಬಂದ ಏಲಕ್ಕಿ ಹಾರ ವಾಪಸ್ ಕೊಡ ಮತ್ತ!" ಏಲಕ್ಕಿ ಹಾರ ವಾಪಸಾಗಲಿಲ್ಲ, ಬಕೀಟೂ ಮುಂದೆ ಹೋಗಲಿಲ್ಲ. ಇಬ್ಬರ ಜಗಳದ ನಡುವೆ ಶಿರಸಿಯಾಕಿ ತೆಪ್ಪಗೆ ಎರಡು ಬಕೀಟು ನೀರು ತುಂಬಿಸಿಕೊಂಡು ಹೋದಳು.

ಇಷ್ಟೆಲ್ಲ ಇದ್ದರೂ ಚಳಿಗಾಲವೇ ಹಾಸ್ಟೆಲಿನ ಹಬ್ಬದ ಕಾಲ. ಡಿಸೆಂಬರಿನ ಕೊನೆಗೆ ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆ ಎರಚಿ, ಬಂದ ಹುಡುಗಿಯರ ಚೀಲಗಳಲ್ಲಿ ಎಳ್ಳು ಹಚ್ಚಿದ ಕಟಕ್ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಎಣ್ಣೆಗಾಯಿ. ಆ ವಾರ ಮೆಸ್ಸಿನ ಅನ್ನ ಮುಟ್ಟುವವರೇ ಇಲ್ಲ. ಭಾನುವಾರ ಮಾಳಿಗೆ ಮೇಲೆ ಬಿಸಿಲಿಗೆ ಕೂತು ಸುಲಗಾಯಿ ಬಿಡಿಸುತ್ತಾ, ಆ ವಾರ ಯಾರಿಗೆ ಗಂಡು ನೋಡಲು ಬಂದಿದ್ದರು, ಏನು ಕೇಳಿದರು, ಇವಳು ಏನು ಹೇಳಲಿಲ್ಲ ಎಂಬುದನ್ನೆಲ್ಲ ವಿವರವಾಗಿ ಚರ್ಚಿಸುತ್ತಿದ್ದೆವು. ಹಸಿ ಕಡಲೆಗಿಡದ ಹುಳಿಗೆ ಬೆರಳು ಚುರುಗುಟ್ಟುತ್ತಿದ್ದರೂ ಯಾರೂ ಎದ್ದು ಹೋಗುತ್ತಿರಲಿಲ್ಲ. ಎದ್ದು ಹೋದವಳ ಮದುವೆಯೇ ಮುಂದಿನ ವಿಷಯ!

ಹೀಗೆ ಒಂದು ಭಾನುವಾರ ಸಂಕ್ರಾಂತಿಯ ಮಾತು ಬಂತು. ನಾನು ಸುಮ್ಮನಿರಬಹುದಿತ್ತು. "ನಮ್ಮ ಕಡೆ ಸಕ್ಕರೆ ಅಚ್ಚು ಮಾಡ್ತೀವಿ. ಮರದ ಅಚ್ಚನ್ನ ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ಪಾಕ ಹುಯ್ದು... ಆನೆ, ಕುದುರೆ, ಬಾಳೆಗೊನೆ ಎಲ್ಲ ಬರತ್ತೆ" ಅಂದೆ. ಸುಳ್ಳೇನಲ್ಲ, ನಮ್ಮಜ್ಜಿ ಮಾಡುತ್ತಿದ್ದರು. ಅದರಲ್ಲಿ ನನ್ನ ಪಾತ್ರ ಸೊಂಡಿಲು ಮುರಿದ ಆನೆಗಳನ್ನು ತಿನ್ನುವುದು. ಅದನ್ನು ಹೇಳಲಿಲ್ಲ.

"ಹಂಗಾರ ಪಾಕದ ಕೆಲಸ ನಿನಗ ಬರ್ತದ" ಎಂದಳು ನನ್ನ ರೂಮಿನ ವಿಜಾಪುರದಾಕಿ. "ಈ ಸಲ ನಾವ ಕುಸುರೆಳ್ಳು ಮಾಡೂಣು."

ಕುಸುರೆಳ್ಳು ಅಂಗಡಿಯಲ್ಲಿ ಸಿಗುತ್ತದೆ, ಬಣ್ಣಬಣ್ಣದ್ದು. ಮನೆಯಲ್ಲಿ ಮಾಡುವುದೆಂದರೆ ತಪಸ್ಸು. ಅಗಲವಾದ ಪರಾತದಲ್ಲಿ ಎಳ್ಳು ಹಾಕಿ, ಕೆಳಗೆ ಹದವಾದ ಕೆಂಡ ಇಟ್ಟು, ಹಾಲು ಹಾಕಿ ಕೊಳೆ ತೆಗೆದ ಸಕ್ಕರೆ ಪಾಕವನ್ನು ಚಮಚದಲ್ಲಿ ಹನಿಹನಿಯಾಗಿ ಬಿಡುತ್ತಾ ಬೆರಳ ತುದಿಯಿಂದ ಆಡಿಸುತ್ತಲೇ ಇರಬೇಕು. ಗಂಟೆಗಟ್ಟಲೆ. ಕೆಲವರು ಎರಡು ಮೂರು ದಿನ. ಪಾಕ ಒಂದೊಂದೇ ಪದರವಾಗಿ ಅಂಟಿ, ಒಣಗಿ, ಕೊನೆಗೆ ಪ್ರತಿ ಎಳ್ಳಿಗೂ ಸುತ್ತಲೂ ಸಣ್ಣ ಮುಳ್ಳು ಏಳುತ್ತದೆ. ಮುಳ್ಳು ಎದ್ದರೆ ಮಾಡಿದವಳು ಜಾಣೆ. "ಥಂಡಿ ಇದ್ದಷ್ಟೂ ಮುಳ್ಳು ಛಲೋ ಏಳ್ತಾವ, ಅದಕ್ಕ ನಮ್ಮಜ್ಜಿ ನಸಿಕಿನ್ಯಾಗ ಎದ್ದು ಮಾಡ್ತಾಳ" ಎಂದು ವಿಜಾಪುರದಾಕಿ ಶಾಸ್ತ್ರ ಹೇಳಿದಳು.

ಥಂಡಿಗೆ ನಮ್ಮಲ್ಲಿ ಬರವಿರಲಿಲ್ಲ. ಒಲೆಯದ್ದೇ ಕಷ್ಟ. ರೂಮಿನಲ್ಲಿ ಕರೆಂಟ್ ಒಲೆ ಇಡುವುದು ನಿಷಿದ್ಧ, ಆದ್ದರಿಂದ ಅದು ನನ್ನ ಟ್ರಂಕಿನಲ್ಲಿ ಕೊಡೆಗಳ ಅಡಿಯಲ್ಲಿತ್ತು. ಭೋಗಿಯ ಹಿಂದಿನ ರಾತ್ರಿ ಎರಡು ಗಂಟೆಗೆ ಬಾಗಿಲ ಸಂದಿಗೆ ಟವೆಲ್ ತುರುಕಿ ನಾಲ್ವರು ಕೆಲಸಕ್ಕೆ ಕೂತೆವು. ಮೊದಲ ಒಂದು ಗಂಟೆ ವಿಜಾಪುರದಾಕಿ ಆಡಿಸಿದಳು. ಎಳ್ಳು ಬೆಳ್ಳಗಾಗುತ್ತಾ ಬಂತು. ಬಗ್ಗಿ ನೋಡಿದರೆ ಒಂದೊಂದರ ಮೈಮೇಲೂ ಗಡ್ಡ ಚಿಗುರಿದ ಹಾಗೆ ನವಿರಾಗಿ ಏನೋ ಕಾಣುತ್ತಿತ್ತು. ಅವಳ ಬೆರಳು ಮಾತ್ರ ಕೆಂಪಾಗಿತ್ತು.

"ಮೈಸೂರಾಕಿ, ಈಗ ನಿನ್ನ ಪಾಳಿ. ಹನಿ ಹನಿ ಬಿಡಬೇಕ ನೋಡ ಮತ್ತ."

ನಾನು ಪಾಕದ ಸೌಟು ಕೈಗೆ ತೆಗೆದುಕೊಂಡೆ. ಚಮಚ ಯಾಕೆ ಬೇಡವೆನಿಸಿತೋ, ಈಗಲೂ ಹೇಳಲಾರೆ. ಅದೇ ಹೊತ್ತಿಗೆ ಪಕ್ಕದ ರೂಮಿನಲ್ಲಿ ಶಿರಸಿಯಾಕಿ ಭೋಗಿಯ ತಲೆಸ್ನಾನಕ್ಕೆಂದು ಕದ್ದು ಇಟ್ಟುಕೊಂಡಿದ್ದ ರಾಡ್ ಅನ್ನು ಬಕೀಟಿಗೆ ಇಳಿಬಿಟ್ಟು ಸ್ವಿಚ್ ಒತ್ತಿದಳು. ಫಟ್ ಅಂತ ಸದ್ದು. ಇಡೀ ಹಾಸ್ಟೆಲ್ ಕತ್ತಲು. ಬೆಚ್ಚಿಬಿದ್ದ ನನ್ನ ಕೈಯಲ್ಲಿದ್ದ ಸೌಟು ಪೂರ್ತಿ ಪರಾತಕ್ಕೆ ಬಗ್ಗಿತು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಮಂಕಿ ಕ್ಯಾಪ್, ಶಾಲು, ಮೂರು ಸೆಲ್ಲಿನ ಟಾರ್ಚ್: ವಾರ್ಡನ್ ಮೇಡಂ. ಯಾರೋ ಒಲೆಯನ್ನು ಮಂಚದಡಿ ನೂಕಿದರು, ಯಾರೋ ಪರಾತವನ್ನು ಮಂಚದ ಮೇಲಿಟ್ಟು ಅದರ ಮೇಲೆ ಸೀರೆ ಹೊದಿಸಿದರು.

"ಇಷ್ಟ ಹೊತ್ತಿನ್ಯಾಗ ಏನ ನಡಸೀರಿ?"

"ಓದಾಕತ್ತೇವ್ರಿ ಮೇಡಂ."

"ಕತ್ತಲದಾಗ?"

ಇದಕ್ಕೆ ಉತ್ತರ ಯಾವ ಸಿಲೆಬಸ್ಸಿನಲ್ಲೂ ಇರಲಿಲ್ಲ. ಅಷ್ಟರಲ್ಲಿ ಮಂಚದಡಿಯಿಂದ ಸುಟ್ಟ ಬಟ್ಟೆಯ ವಾಸನೆ ಎದ್ದಿತು. ಮೇಡಂ ಮೂಗು ಅರಳಿಸಿದರು. "ಸೊಳ್ಳೆಬತ್ತಿ ಮೇಡಂ" ಎಂದೆ ನಾನು. ಆ ಚಳಿಗೆ ಸೊಳ್ಳೆಗಳೂ ಊರು ಬಿಟ್ಟಿದ್ದವು ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಮಾತಾಡದೆ ಬಗ್ಗಿ, ಇನ್ನೂ ಮಂಕಾಗಿ ಕೆಂಪಗಿದ್ದ ಒಲೆಯನ್ನು ವೈರ್ ಹಿಡಿದು ಎಳೆದುಕೊಂಡು ಹೋದರು, ತಪ್ಪು ಮಾಡಿದ ನಾಯಿಮರಿಯನ್ನು ಎಳೆದುಕೊಂಡು ಹೋದ ಹಾಗೆ.

ಬೆಳಕಾದ ಮೇಲೆ ಎರಡು ವಿಷಯ ಕಂಡವು. ಒಂದು, ವಿಜಾಪುರದಾಕಿಯ ಕೌದಿ. ಅವಳ ಅಜ್ಜಿ ತನ್ನ ಹಳೆಯ ಇಳಕಲ್ ಸೀರೆಗಳನ್ನೆಲ್ಲ ಒಟ್ಟಿ ಕೈಯಲ್ಲಿ ಹೊಲಿದದ್ದು. ಮಂಚದಿಂದ ಜೋತುಬಿದ್ದಿದ್ದ ಅದರ ಒಂದು ಮೂಲೆಯ ಮೇಲೆ ಒಲೆಯ ಸುರುಳಿಯ ಗುರುತು, ಥೇಟ್ ಸೊಳ್ಳೆಬತ್ತಿಯ ಹಾಗೆ, ಕಪ್ಪಗೆ ಮೂಡಿತ್ತು. ಇನ್ನೊಂದು, ಪರಾತ. ಅದರಲ್ಲಿ ಕುಸುರೆಳ್ಳು ಇರಲಿಲ್ಲ. ಪರಾತದಷ್ಟೇ ಅಗಲದ ಒಂದು ಬಿಲ್ಲೆ ಇತ್ತು. ಬೋರಲು ಹಾಕಿ ಬಡಿದರೂ ಬರಲಿಲ್ಲ. ಕೊನೆಗೆ ಮೌಶಿ ಅಡಿಗೆಮನೆಯ ಗುಂಡುಕಲ್ಲು ತಂದು ಒಡೆದು ಕೊಟ್ಟಳು. "ಇದನ್ನ ತಿನ್ನಾಕ ಮಾಡೀರೇನ, ಗ್ವಾಡಿ ಕಟ್ಟಾಕ?" ಅಂತ ಒಂದು ಮಾತೂ ಸೇರಿಸಿದಳು.

ಸಂಕ್ರಾಂತಿಯ ಸಂಜೆ ಎಳ್ಳು ಬೆಲ್ಲ ಹಂಚಿ, ಸಣ್ಣವರು ದೊಡ್ಡವರ ಕಾಲಿಗೆ ನಮಸ್ಕಾರ ಮಾಡುವುದು ಪದ್ಧತಿ. ಬೇರೆ ದಾರಿಯಿಲ್ಲದೆ ಆ ಚೂರುಗಳನ್ನೇ ತಾಟಿನಲ್ಲಿಟ್ಟುಕೊಂಡು ವಾರ್ಡನ್ ಮೇಡಂ ಮುಂದೆ ನಿಂತೆವು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದ್ಹಾಂಗ ಇರೂಣ್ರಿ ಮೇಡಂ." ಮೇಡಂ ಮುಖ ಬಿಗಿಯಾಗಿಯೇ ಇತ್ತು, ಆದರೂ ಹಬ್ಬದ ದಿನ ಬೇಡ ಅನ್ನುವಂತಿಲ್ಲ. ಒಂದು ಚೂರು ಬಾಯಿಗೆ ಹಾಕಿಕೊಂಡು ಕಡಿದರು. 'ಟಕ್' ಎಂದದ್ದು ನಮ್ಮೆಲ್ಲರಿಗೂ ಕೇಳಿಸಿತು. ಮೇಡಂ ಅಂಗೈಗೆ ಉಗುಳಿ ನೋಡಿದರು. ಎಳ್ಳಿನ ಚೂರು ಹಾಗೇ ಇತ್ತು. ಪಕ್ಕದಲ್ಲಿ ಅವರ ಹಲ್ಲಿನ ಕ್ಯಾಪ್.

ನಮ್ಮ ಕಡೆ 'ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು' ಅನ್ನುತ್ತಾರೆ. ಮೇಡಂ ಮೂರು ದಿನ ಒಳ್ಳೆಯದನ್ನೂ ಆಡಲಿಲ್ಲ, ಕೆಟ್ಟದ್ದನ್ನೂ ಆಡಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಓಡಾಡಿದರು. ಹಾಸ್ಟೆಲಿನಲ್ಲಿ ಅಷ್ಟು ಶಾಂತವಾದ ಹಬ್ಬ ಹಿಂದೆ ಆಗಿರಲಿಲ್ಲವೆಂದು ಫೈನಲ್ ಇಯರ್‌ನವರು ಹೇಳಿದರು.

ಫೆಬ್ರವರಿಯಲ್ಲಿ ಗ್ಯಾದರಿಂಗ್. ಸೀರೆ ಉಡುವ ದಿನ, ರಂಗೋಲಿ, ಡ್ಯಾನ್ಸು ಎಲ್ಲ ಮುಗಿದ ಮೇಲೆ ಕೊನೆಗೆ ಫಿಶ್‌ಪಾಂಡ್. ಯಾರ ಬಗ್ಗೆ ಬೇಕಾದರೂ ಹೆಸರು ಹಾಕದೆ ಚೀಟಿ ಬರೆದು ಡಬ್ಬಿಗೆ ಹಾಕಬಹುದು, ವೇದಿಕೆ ಮೇಲೆ ಗಟ್ಟಿಯಾಗಿ ಓದುತ್ತಾರೆ. ಇಡೀ ವರ್ಷದ ಸೇಡು ತೀರಿಸಿಕೊಳ್ಳಲು ಕಾಲೇಜೇ ಮಾಡಿಕೊಟ್ಟ ಅನುಕೂಲ. ನನ್ನ ಪಾಲಿಗೆ ಬಂದದ್ದು ಇದು:

"ಮೈಸೂರಿಂದ ಬಂದಾಳ, ಅಚ್ಚಿನ ಸುದ್ದಿ ಹೇಳ್ಯಾಳ, ಎಳ್ಳು ಕೊಡ ಅಂದರ, ಹಲ್ಲು ಕೇಳ್ಯಾಳ."

ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲ ಸಾಲಿನಲ್ಲಿ ಕೂತಿದ್ದ ವಾರ್ಡನ್ ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕರು, ಹೊಸ ಕ್ಯಾಪ್ ಲೈಟಿಗೆ ಫಳಕ್ ಅಂದಿತು. ಚೀಟಿ ಬರೆದದ್ದು ಯಾರೆಂದು ಇವತ್ತಿಗೂ ಗೊತ್ತಿಲ್ಲ. ನನ್ನ ಅನುಮಾನ ಮೌಶಿಯ ಮೇಲೆ.

ಕೌದಿಯನ್ನು ವಿಜಾಪುರದಾಕಿ ಊರಿಗೆ ಒಯ್ದಿದ್ದಳು, ಸೊಳ್ಳೆಬತ್ತಿಯ ಕಥೆಯನ್ನೇ ಅಜ್ಜಿಗೂ ಹೇಳಲು ಬಾಯಿಪಾಠ ಮಾಡಿಕೊಂಡು. ಅಜ್ಜಿ ಗುರುತಿನ ಮೇಲೆ ಬೆರಳಾಡಿಸಿ, ಅಲ್ಲೇ ಅಂಟಿದ್ದ ಪಾಕವನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿ ನೋಡಿದರಂತೆ. "ಸೊಳ್ಳಿಬತ್ತಿಗೆ ಸಕ್ಕರಿ ಪಾಕ ಯಾವಾಗಿಂದ ಹಚ್ಚಾಕತ್ತಾರ?" ಅಂದರಂತೆ. ಆಮೇಲೆ ಕೆಂಪು ಸೆರಗಿನ ತುಂಡೊಂದನ್ನು ಅಲ್ಲಿಗೆ ತ್ಯಾಪಿ ಹಚ್ಚಿ ವಾಪಸು ಕಳಿಸಿದರು. ಮಡಿಕೆಯೊಳಗೆ ಒಂದು ಪೊಟ್ಟಣ ಕುಸುರೆಳ್ಳು ಇತ್ತು. ಅಂಗೈಗೆ ಹಾಕಿಕೊಂಡರೆ ಚುಚ್ಚುವ ಹಾಗಿತ್ತು ಮುಳ್ಳು. ಜೊತೆಗೆ ಬಾಯಿಮಾತಿನಲ್ಲಿ ಒಂದು ಸಂದೇಶ:

"ಆ ಮೈಸೂರ ಹುಡುಗಿಗೆ ತಿನ್ನಾಕ ಕೊಡು. ಮಾಡಾಕ ಕೊಡಬ್ಯಾಡ."