ಎರಡು ವರ್ಷ ಬಾಳುವ ಶಾಶ್ವತ

ಸ್ಯಾನ್ ಡಿಯಾಗೋದ ಸುದ್ದಿಯನ್ನು ನೀವೆಲ್ಲ ಓದಿದ್ದೀರಿ, ಅದನ್ನು ಮತ್ತೆ ವಿಸ್ತರಿಸಿ ಹೇಳುವ ಅಗತ್ಯವಿಲ್ಲ. 2025ರ ನವೆಂಬರಿನಲ್ಲಿ ಅಲ್ಲಿನ ವಲಸೆ ಕಚೇರಿಗೆ, ಅಮೆರಿಕದ ಪ್ರಜೆಯಾದ ಗಂಡನನ್ನೋ ಹೆಂಡತಿಯನ್ನೋ ಜೊತೆಗೆ ಕರೆದುಕೊಂಡು, ಗ್ರೀನ್ ಕಾರ್ಡ್ ಸಂದರ್ಶನಕ್ಕೆಂದು ಹೋದವರಲ್ಲಿ ಕೆಲವರಿಗೆ ಸಂದರ್ಶನ ಮುಗಿಯುತ್ತಿದ್ದಂತೆ ಕೈಕೋಳ ಬಿತ್ತು. ವೀಸಾದ ಅವಧಿ ಮುಗಿದಿತ್ತಂತೆ. ಪ್ರಜೆಯ ಸಂಗಾತಿಗೆ ಆ ಲೋಪವನ್ನು ಮನ್ನಿಸಿ ಕಾರ್ಡು ಕೊಡಲು ಅದೇ ದೇಶದ ಕಾನೂನು ಅವಕಾಶ ಮಾಡಿಕೊಟ್ಟಿದೆ, ಅದನ್ನು ನಂಬಿಯೇ ಅವರು ಹೋಗಿದ್ದರು. ಬೀಗರ ಔತಣಕ್ಕೆ ಕರೆದು, ಎಲೆಯ ಮುಂದೆ ಕುಳಿತವನ ಹೆಗಲು ಹಿಡಿದು ಪೊಲೀಸರಿಗೆ ಒಪ್ಪಿಸುವ ಈ ಆತಿಥ್ಯದ ಬಗ್ಗೆ ನಾನು ಬೇರೇನೂ ಹೇಳಲಾರೆ. ನನ್ನ ಕುತೂಹಲವಿರುವುದು ಕೋಳ ಬೀಳದವರ ಬಗ್ಗೆ, ಅಂದರೆ ಸಂದರ್ಶನದಲ್ಲಿ ಗೆದ್ದು ನಗುನಗುತ್ತಾ ಹೊರಬಂದವರ ಬಗ್ಗೆ. ಅವರಲ್ಲಿ ಹೊಸದಾಗಿ ಮದುವೆಯಾದವರಿಗೆ ಸಿಗುವ ಪದವಿಯ ಹೆಸರು 'ಷರತ್ತುಬದ್ಧ ಶಾಶ್ವತ ನಿವಾಸಿ'.

ಈ ಪದಗುಚ್ಛವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ಷರತ್ತೂ ಇದೆ, ಶಾಶ್ವತವೂ ಹೌದು, ಕಾರ್ಡಿನ ಆಯುಷ್ಯ ಮಾತ್ರ ಎರಡು ವರ್ಷ. ನಮ್ಮಲ್ಲಿ ಬಟ್ಟೆ ಅಂಗಡಿಯ ಜಾಹೀರಾತಿನಲ್ಲಿ ಅರ್ಧ ಬೆಲೆ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಇರುವೆ ಗಾತ್ರದಲ್ಲಿ 'ಷರತ್ತುಗಳು ಅನ್ವಯ' ಎಂದು ಹಾಕುತ್ತಾರೆ. ಅಮೆರಿಕ ಸರ್ಕಾರ ಪ್ರಾಮಾಣಿಕವಾದದ್ದು, ಷರತ್ತನ್ನು ಹೆಸರಿನ ಮುಂಭಾಗದಲ್ಲಿಯೇ ಮುದ್ರಿಸಿದೆ.

ನಿಯಮ ಸರಳವಾಗಿದೆ. ನೀವು ಶಾಶ್ವತ ನಿವಾಸಿಯಾಗುವ ದಿನ ನಿಮ್ಮ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಷರತ್ತಿನ ಕಾರ್ಡು, ತುಂಬಿದ್ದರೆ ಹತ್ತು ವರ್ಷದ ಕಾರ್ಡು. ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನವಲ್ಲ, ಮಂಜೂರಾದ ದಿನ. ಹೊರದೇಶದಿಂದ ವೀಸಾ ಪಡೆದು ಬರುವವರಿಗಾದರೆ ಅಮೆರಿಕದ ನೆಲಕ್ಕೆ ಕಾಲಿಟ್ಟ ದಿನ. ಆದ್ದರಿಂದ ನಿಮ್ಮ ಕಡತವನ್ನು ನೋಡಿದ ಅಧಿಕಾರಿ ಚುರುಕಿನವನಾಗಿದ್ದು ಹತ್ತು ತಿಂಗಳಲ್ಲಿ ಕೆಲಸ ಮುಗಿಸಿದರೆ ನಿಮ್ಮ ಮದುವೆ ಅನುಮಾನಾಸ್ಪದ. ಅವನು ಕಡತದ ಮೇಲೆ ಕಾಫಿ ಲೋಟವಿಟ್ಟು ಎರಡು ವರ್ಷ ಮರೆತರೆ ನಿಮ್ಮ ಮದುವೆ ಅಪ್ಪಟ ಚಿನ್ನ. ನನ್ನ ಅಕ್ಕನ ಮಗಳಿಗೆ ದುರದೃಷ್ಟವಶಾತ್ ಮೊದಲನೆಯ ಜಾತಿಯ ಅಧಿಕಾರಿ ಗಂಟುಬಿದ್ದ. ಅದೇ ತಿಂಗಳಲ್ಲಿ ಮದುವೆಯಾಗಿದ್ದ ಅವಳ ಗೆಳತಿಯ ಕಡತ ಎಲ್ಲಿಯೋ ಕಳೆದುಹೋಗಿ, ಮತ್ತೆ ಸಿಕ್ಕಿ, ಮುಂಬೈಯ ಕಾನ್ಸುಲೇಟಿನಲ್ಲಿ ಇನ್ನಷ್ಟು ದಿನ ಮಲಗಿ ಎದ್ದಿತು. ಆ ಹುಡುಗಿ ಗಂಡನಿಂದ ಎರಡು ವರ್ಷ ದೂರವಿದ್ದು ಅತ್ತದ್ದೆಲ್ಲ ಕೊನೆಗೆ ಹತ್ತು ವರ್ಷದ ಕಾರ್ಡಾಗಿ ಫಲಿಸಿತು. ಒಂದು ದಿನವೂ ಒಟ್ಟಿಗೆ ಸಂಸಾರ ಮಾಡದ ದಂಪತಿಗೆ ಪೂರ್ಣ ವಿಶ್ವಾಸ, ಒಂದೇ ಸೂರಿನಡಿ ಬಾಳಿದವರ ಮೇಲೆ ಶಂಕೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರೆ. ಇಲ್ಲಿ ವರನನ್ನು ಕೊಟ್ಟವರು ನಾವು, ಛತ್ರದ ಬಾಡಿಗೆಯನ್ನೂ ಕೊಟ್ಟವರು ನಾವು, ಪೂಜಾರಿ ಮಾತ್ರ ಪ್ರಸಾದವನ್ನು ಎರಡು ವರ್ಷದ ಮಟ್ಟಿಗೆ ಸಾಲವಾಗಿ ಕೊಡುತ್ತಾನೆ.

ಈ ಏರ್ಪಾಟು ಹುಟ್ಟಿದ್ದು 1986ರಲ್ಲಿ. ಆ ವರ್ಷದ ನವೆಂಬರ್ 6ರಂದು ರೊನಾಲ್ಡ್ ರೇಗನ್ ಅವರು ದಾಖಲೆಯಿಲ್ಲದೆ ಬದುಕುತ್ತಿದ್ದ ವಲಸಿಗರಿಗೆ ಕ್ಷಮಾದಾನ ನೀಡುವ ಕಾಯ್ದೆಗೆ ಸಹಿ ಹಾಕಿದರು, ಅದರಿಂದ ಸುಮಾರು 27 ಲಕ್ಷ ಜನರಿಗೆ ಕಾನೂನುಬದ್ಧ ಬದುಕು ಸಿಕ್ಕಿತು. ಸರಿಯಾಗಿ ನಾಲ್ಕು ದಿನಗಳ ಬಳಿಕ, ನವೆಂಬರ್ 10ರಂದು, ಅದೇ ಕೈ ವಲಸೆ ವಿವಾಹ ವಂಚನೆ ತಡೆ ತಿದ್ದುಪಡಿಗೂ ಸಹಿ ಹಾಕಿತು. ಕದ್ದು ಬಂದವರನ್ನು ಮನ್ನಿಸಿದ ವಾರದಲ್ಲಿಯೇ ಕೈಹಿಡಿದು ಬಂದವರ ಮೇಲೆ ಕಾವಲು ಕೂತಿತು. ಇದಕ್ಕೆ ಒದಗಿಸಿದ ಆಧಾರವೂ ಸ್ವಾರಸ್ಯಕರವಾಗಿದೆ. 1985ರ ಸೆನೆಟ್ ವಿಚಾರಣೆಯಲ್ಲಿ ವಲಸೆ ಇಲಾಖೆ ಇಂಥ ಮದುವೆಗಳಲ್ಲಿ ನೂರಕ್ಕೆ ಮೂವತ್ತರಷ್ಟು ಮೋಸದ್ದಿರಬಹುದೆಂದು ಹೇಳಿತ್ತು. ಆ ಅಂಕಿಯ ಹಿಂದಿದ್ದ ಸಮೀಕ್ಷೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಸಿಂಧುವಲ್ಲವೆಂದು ಮುಂದೆ ಇಲಾಖೆಯೇ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅಂಕಿ ಬಿದ್ದುಹೋಯಿತು, ಅದರ ಮೇಲೆ ಕಟ್ಟಿದ ಮನೆ ನಾಲ್ಕು ದಶಕಗಳಿಂದ ಸುಣ್ಣಬಣ್ಣ ಬಳಿಸಿಕೊಂಡು ನಿಂತಿದೆ.

ವಂಚನೆಯೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಹಣ ಕೊಟ್ಟು ಮದುವೆಯಾಗುವವರಿದ್ದಾರೆ, ಸಿಕ್ಕಿಬಿದ್ದರೆ ಐದು ವರ್ಷದವರೆಗೆ ಸೆರೆವಾಸ, ಎರಡೂವರೆ ಲಕ್ಷ ಡಾಲರುಗಳವರೆಗೆ ದಂಡವೂ ಇದೆ. ನನ್ನ ತೊಡಕು ಬೇರೆಯದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಗಾದೆಯನ್ನು ಶತಮಾನಗಳಿಂದ ಆಚರಣೆಗೆ ತಂದಿರುವ ನಾಡು ನಮ್ಮದು. ಹುಡುಗನ ಸಂಬಳ, ಹುಡುಗಿಯ ಬಣ್ಣ, ಮಾವನ ತೋಟದ ವಿಸ್ತೀರ್ಣ, ಇವುಗಳ ಬಗ್ಗೆ ಹೇಳಿದ ಸುಳ್ಳುಗಳನ್ನು ವಂಚನೆಯೆಂದು ಎಣಿಸಿದರೆ ನಮ್ಮ ಜಿಲ್ಲೆಯಲ್ಲಿ ಊರ್ಜಿತವಾಗುವ ಮದುವೆ ಒಂದೂ ಉಳಿಯಲಾರದು.

ಮದುವೆ ನಿಜವೆಂದು ತೋರಿಸುವ ಬಗೆ ಇನ್ನೂ ವಿಶೇಷವಾದದ್ದು. ಅನುಮಾನ ಬಂದರೆ ಗಂಡಹೆಂಡಿರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಒಂದೇ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ತಾಳೆ ನೋಡುತ್ತಾರೆ. ಇದಕ್ಕೆ ಸ್ಟೋಕ್ಸ್ ಸಂದರ್ಶನವೆಂದು ಹೆಸರು. 1976ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಆದ ಒಪ್ಪಂದವೊಂದರಿಂದ ಬಂದ ಈ ಹೆಸರು ಮೂಲತಃ ಅರ್ಜಿದಾರರ ಹಕ್ಕುಗಳನ್ನು ಕಾಪಾಡಲು ಹೊರಟಿತ್ತೆಂಬುದನ್ನು ಈಗ ಯಾರೂ ನಂಬುವುದಿಲ್ಲ. ಹಲ್ಲುಜ್ಜುವ ಬ್ರಷ್ಷಿನ ಬಣ್ಣ, ಮಂಚದಲ್ಲಿ ಯಾರು ಯಾವ ಪಕ್ಕ, ನಿನ್ನೆ ರಾತ್ರಿ ಊಟಕ್ಕೆ ಏನಿತ್ತು, ಅತ್ತೆಯ ಹುಟ್ಟಿದ ದಿನ ಯಾವುದು.

ಇಲ್ಲಿ ನನಗೆ ನಮ್ಮ ಅಜ್ಜಿಯ ನೆನಪಾಗುತ್ತದೆ. ಅಜ್ಜನ ಜೊತೆ ಐವತ್ತೆಂಟು ವರ್ಷ ಸಂಸಾರ ಮಾಡಿದ ಆಕೆ ಒಮ್ಮೆಯೂ ಅವರ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ಮದುವೆಯ ದಿನ ನಾದಿನಿಯರು ಬಾಗಿಲು ತಡೆದು ನಿಂತಾಗ ಒಡಪಿನೊಳಗೆ ಸುತ್ತಿ ಹೇಳಿದ್ದೇ ಮೊದಲು, ಅದೇ ಕೊನೆ. ರೇಷನ್ ಕಾರ್ಡಿನವನು ಬಂದು ಯಜಮಾನರ ಹೆಸರು ಕೇಳಿದರೆ ಮಕ್ಕಳನ್ನು ಕೂಗುತ್ತಿದ್ದಳು. ಆಕೆಯನ್ನು ಅಂಥ ಕೋಣೆಯಲ್ಲಿ ಕೂರಿಸಿ ಗಂಡನ ಹೆಸರೇನೆಂದು ಕೇಳಿದ್ದರೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗುತ್ತಿದ್ದಳು. ಹುಟ್ಟಿದ ದಿನ ಅಜ್ಜನಿಗೇ ಗೊತ್ತಿರಲಿಲ್ಲ, ಪ್ಲೇಗು ಬಂದ ಮರುವರ್ಷ ಎಂದಷ್ಟೇ ಲೆಕ್ಕ. ಜಂಟಿ ಬ್ಯಾಂಕ್ ಖಾತೆ ಇರಲಿಲ್ಲ, ಅಜ್ಜಿಯ ಖಾತೆ ಸಾಸಿವೆ ಡಬ್ಬಿಯಲ್ಲಿತ್ತು. ಒಟ್ಟಿಗೆ ತೆಗೆಸಿಕೊಂಡ ಪಟ ಒಂದೇ ಒಂದು, ಅದರಲ್ಲಿಯೂ ಇಬ್ಬರ ನಡುವೆ ಒಂದು ಮರದ ಕುರ್ಚಿ, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಮಂಚದ ಯಾವ ಪಕ್ಕವೆಂದು ಕೇಳುವ ಹಾಗೆಯೇ ಇಲ್ಲ, ಅಜ್ಜ ಜಗಲಿಯಲ್ಲಿ, ಅಜ್ಜಿ ನಡುಮನೆಯಲ್ಲಿ. ಹನ್ನೊಂದು ಮಕ್ಕಳಾಗಿದ್ದರೂ ಸಾಕ್ಷ್ಯ ಸಾಲದೆಂದು ಅರ್ಜಿ ತಿರಸ್ಕೃತವಾಗುತ್ತಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ.

ಅಕ್ಕನ ಮಗಳು ಹಾಗಲ್ಲ, ಅವಳು ಕಾಲಕ್ಕೆ ತಕ್ಕ ಗೃಹಿಣಿ. ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ಅವಳ ಮನೆಗೆ ಹೋದಾಗ ಅವಳು ಮೊದಲು ತೋರಿಸಿದ್ದು ದೇವರ ಗೂಡನ್ನಲ್ಲ, ಅದರ ಕೆಳಗಿನ ಖಾನೆಯಲ್ಲಿದ್ದ ನೀಲಿ ಫೈಲನ್ನು. ಬಾಡಿಗೆ ಕರಾರು, ಗ್ಯಾಸ್ ಬಿಲ್ಲು, ಕಾರಿನ ವಿಮೆ, ಜಂಟಿ ತೆರಿಗೆ ಲೆಕ್ಕ, ಎಲ್ಲವೂ ಇಬ್ಬರ ಹೆಸರಿನಲ್ಲಿ. ಶಿವಮೊಗ್ಗದ ಉಪನೋಂದಣಾಧಿಕಾರಿಯ ಕಚೇರಿಯ ಮದುವೆ ಪ್ರಮಾಣಪತ್ರದ ಹಿಂದೆ ಧಾರೆಯ ಫೋಟೋ, ಅದರಲ್ಲಿ ಸೀರೆಯ ವಿಷಯಕ್ಕೆ ಮುನಿಸಿಕೊಂಡು ಮುಖ ತಿರುಗಿಸಿ ನಿಂತ ನನ್ನ ಅತ್ತಿಗೆ. ಆ ಮುನಿಸಿಗಿಂತ ಬಲವಾದ ಸಾಕ್ಷ್ಯ ಮತ್ತೊಂದು ಬೇಕೇ? ಸುಳ್ಳು ಮದುವೆಗೆ ಯಾರಾದರೂ ಅಷ್ಟು ಮನಸಾರೆ ಮುನಿಸಿಕೊಳ್ಳುವುದುಂಟೇ? ಫೈಲಿನಲ್ಲಿ ಹೋಟೆಲಿನ ರಸೀದಿಗಳೂ ಇದ್ದವು. ಮದುವೆಯ ವಾರ್ಷಿಕೋತ್ಸವದ ದಿನ ದೋಸೆ ತಿಂದು ಎದ್ದ ಮೇಲೆ ಅವಳ ಗಂಡ ಬಿಲ್ಲಿನ ಮೇಲೆ ತಾರೀಕು ಸ್ಪಷ್ಟವಾಗಿ ಮೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾನೆ.

ಷರತ್ತನ್ನು ತೆಗೆಸಲು ಐ-751 ಎಂಬ ಅರ್ಜಿ ಇದೆ. ಕಾರ್ಡಿನ ಎರಡು ವರ್ಷ ಮುಗಿಯುವ ಹಿಂದಿನ 90 ದಿನಗಳೊಳಗೆ, ಗಂಡಹೆಂಡಿರಿಬ್ಬರೂ ಸಹಿ ಹಾಕಿ ಅದನ್ನು ಸಲ್ಲಿಸಬೇಕು. ಮೊದಲೇ ಕಳುಹಿಸಿದರೆ ವಾಪಸು ಬರುತ್ತದೆ, ತಕ್ಕ ಕಾರಣವಿಲ್ಲದೆ ತಡವಾದರೆ ನಿವಾಸದ ಹಕ್ಕೇ ಹೋಗುತ್ತದೆ. ಮದುವೆಗೆ ಜೋಯಿಸರಿಟ್ಟ ಮುಹೂರ್ತ ಅರ್ಧ ಗಂಟೆ ಜಾರಿದರೂ ತಾಳಿ ಬಿಗಿಯಾಗಿಯೇ ಇರುತ್ತದೆ, ಈ ಮುಹೂರ್ತಕ್ಕೆ ಆ ಉದಾರತೆಯಿಲ್ಲ. ದಕ್ಷಿಣೆ 2024ರ ಏಪ್ರಿಲಿನಿಂದ 750 ಡಾಲರು. ಅವಳು ಅದೇ ಜನವರಿಯಲ್ಲಿ ಹಾಕಿದ್ದರಿಂದ ಬೆರಳಚ್ಚಿನ ಶುಲ್ಕವೂ ಸೇರಿ 680ರಲ್ಲಿ ಮುಗಿಯಿತು, ಆ 70 ಡಾಲರಿನ ಉಳಿತಾಯವನ್ನು ಅವಳು ಇಂದಿಗೂ ಹೇಳಿಕೊಳ್ಳುತ್ತಾಳೆ. ಉತ್ತರವಾಗಿ ಒಂದು ಹಾಳೆ ಬಂತು. ಎರಡು ವರ್ಷದ ಕಾರ್ಡಿನ ಮಾನ್ಯತೆಯನ್ನು 48 ತಿಂಗಳು ವಿಸ್ತರಿಸಲಾಗಿದೆ ಎಂದು ಅದರಲ್ಲಿ ಬರೆದಿದೆ.

ತಪ್ಪಾಗಿ ಓದಿಲ್ಲ, ಕಾರ್ಡು ಎರಡು ವರ್ಷದ್ದು, ಅದರ ಬಾಲ ನಾಲ್ಕು ವರ್ಷದ್ದು. ಈ ವಿಸ್ತರಣೆ 2018ರಲ್ಲಿ 18 ತಿಂಗಳಿತ್ತು, 2021ರಲ್ಲಿ 24 ಆಯಿತು, 2023ರಲ್ಲಿ 48 ಆಯಿತು. ನಿಮ್ಮ ಮದುವೆ ನಿಜವೇ ಎಂದು ಎರಡೇ ವರ್ಷದಲ್ಲಿ ಪರೀಕ್ಷಿಸಿ ಹೇಳುತ್ತೇವೆಂದ ಇಲಾಖೆಗೆ ಉತ್ತರಪತ್ರಿಕೆ ತಿದ್ದಲು ಅದರ ಎರಡರಷ್ಟು ಕಾಲ ಬೇಕಾಗಿದೆ. ಇದರ ನಡುವೆ, ಪ್ರಜೆಯನ್ನು ಮದುವೆಯಾಗಿ ಜೊತೆಗೆ ಬಾಳುವವರು ಕಾರ್ಡು ಪಡೆದ ಮೂರು ವರ್ಷಕ್ಕೆ ಪೌರತ್ವಕ್ಕೇ ಅರ್ಜಿ ಹಾಕಬಹುದು. ಆದ್ದರಿಂದ ಅವಳು ಶಾಶ್ವತ ನಿವಾಸಿ ಹೌದೋ ಅಲ್ಲವೋ ಎಂಬುದು ಇತ್ಯರ್ಥವಾಗುವ ಮೊದಲೇ ಪ್ರಜೆಯಾಗಲು ಅರ್ಹಳಾಗಿ ಕುಳಿತಿದ್ದಾಳೆ. ನಿಶ್ಚಿತಾರ್ಥದ ವಿಚಾರ ಇನ್ನೂ ಮಾತುಕತೆಯಲ್ಲಿರುವಾಗ ಸೀಮಂತಕ್ಕೆ ಬಳೆ ತಂದಂತಾಗಿದೆ. ಆ ಹಾಳೆಯೋ, ಮಡಿಸಿ ಬಿಚ್ಚಿ ಮಡಿಸಿ ಬಿಚ್ಚಿ ನಾಲ್ಕು ಭಾಗವಾಗುವ ಹಂತದಲ್ಲಿದೆ. ಕಳೆದ ಸಲ ಊರಿನಿಂದ ಹಿಂತಿರುಗುವಾಗ ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನ ಹುಡುಗ ಅವಧಿ ಮುಗಿದ ಕಾರ್ಡನ್ನೂ ಆ ಹಾಳೆಯನ್ನೂ ಅಕ್ಕಪಕ್ಕ ಇಟ್ಟು, ಮೇಲಧಿಕಾರಿಯನ್ನು ಕರೆದು, ಅವರು ಯಾರಿಗೋ ಫೋನು ಮಾಡಿ, ಇಪ್ಪತ್ತೈದು ನಿಮಿಷ ಅವಳ ಮದುವೆ ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲಿ ತೂಕದ ಯಂತ್ರದ ಮೇಲೆ ನಿಂತಿತ್ತು.

ಬೈಯುವ ಭರದಲ್ಲಿ ನಮ್ಮ ಮನೆಯ ತೂತನ್ನು ಮುಚ್ಚಿಕೊಳ್ಳುವುದು ಸರಿಯಲ್ಲ. ಮೈಸೂರಿನ ಹುಡುಗನನ್ನು ಮದುವೆಯಾದ ಜರ್ಮನ್ ಹುಡುಗಿಗೆ ಇಲ್ಲಿ ವೀಸಾದ ಗೊಡವೆಯಿಲ್ಲದೆ ನೆಲೆಸಲು ಬಿಡುವ ಒಸಿಐ ಕಾರ್ಡು ಬೇಕಿದ್ದರೆ ಮದುವೆ ನೋಂದಣಿಯಾಗಿ ಎರಡು ವರ್ಷ ಅಖಂಡವಾಗಿ ಉಳಿದಿರಬೇಕು, ವಿಚ್ಛೇದನವಾದರೆ ಕಾರ್ಡನ್ನು ರದ್ದುಪಡಿಸಬಹುದು. ಪೌರತ್ವಕ್ಕಂತೂ ಏಳು ವರ್ಷ ಇಲ್ಲಿ ವಾಸವಿರಬೇಕು. ಸರ್ಕಾರಗಳ ನಡುವೆ ಸಾಲಾವಳಿ ಎಷ್ಟು ಚೆನ್ನಾಗಿ ಕೂಡಿಬರುತ್ತದೆ!

ನಗಲು ಬರುವುದು ಇಲ್ಲಿಯವರೆಗೆ. ಆ ಇಬ್ಬರ ಸಹಿಯ ವಿಷಯಕ್ಕೆ ಬಂದಾಗ ನನಗೆ ನಗು ಬರುವುದಿಲ್ಲ. ಎರಡು ವರ್ಷ ಒಬ್ಬ ಮನುಷ್ಯನ ಸಹಿಯ ಮೇಲೆ ಇನ್ನೊಬ್ಬ ಮನುಷ್ಯನ ಬದುಕನ್ನು ತೂಗುಹಾಕುವ ಕಾನೂನು ಯಾರ ಕೈಗೆ ಹಗ್ಗ ಕೊಟ್ಟಿದೆಯೆಂದು ಬರೆದವರಿಗೆ ತಿಳಿದಿರಲಿಲ್ಲವೇ? ಸಹಿ ಹಾಕುವುದಿಲ್ಲ, ಊರಿಗೆ ಕಳಿಸುತ್ತೇನೆ ಎಂಬ ಎರಡು ಮಾತು ಸಾಕು, ಕೆನ್ನೆಯ ಮೇಲಿನ ಬರೆಗೆ ಹೆಣ್ಣು ಪೌಡರ್ ಹಚ್ಚಿಕೊಂಡು ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಬಂದು ನಗುತ್ತಾಳೆ. 1986ರ ಮೂಲ ಕಾನೂನಿನಲ್ಲಿ ಹೊಡೆಸಿಕೊಂಡವಳಿಗಾಗಿ ಒಂದು ಸಾಲೂ ಇರಲಿಲ್ಲ. ವಿಚ್ಛೇದನವಾದರೂ, ಸೂಕ್ತ ಕಾರಣ ತೋರಿಸಿ ಅವಳೇ ಅದನ್ನು ಪಡೆದಿದ್ದರೆ ಮಾತ್ರ ಒಂಟಿಯಾಗಿ ಅರ್ಜಿ ಹಾಕಬಹುದಿತ್ತು. ಗಂಡನೇ ಮೊದಲು ಕೋರ್ಟಿಗೆ ಓಡಿದ್ದರೆ ಆ ಬಾಗಿಲೂ ಮುಚ್ಚುತ್ತಿತ್ತು. ಇದನ್ನು ತಿದ್ದಿದ್ದು 1990ರಲ್ಲಿ. ಈಗ ಅವಳು ಒಬ್ಬಳೇ ಅರ್ಜಿ ಹಾಕಬಹುದು. ಆದರೆ ಮದುವೆ ಪ್ರಾಮಾಣಿಕವಾಗಿ ಆದದ್ದು ಎಂದು ಅವಳೇ ತೋರಿಸಬೇಕು, ಹೊಡೆತ ಬಿದ್ದದ್ದನ್ನೂ ಅವಳೇ ತೋರಿಸಬೇಕು. ಗ್ಯಾಸ್ ಬಿಲ್ಲಿನಲ್ಲಿ ಅವಳ ಹೆಸರು ಸೇರಿಸಲು ಒಪ್ಪದ ಗಂಡನ ಜೊತೆ ತಾನು ಬಾಳಿದ್ದೆನೆಂಬುದಕ್ಕೆ ಅವಳು ಯಾವ ಬಿಲ್ಲು ತಂದು ಕೊಡಬೇಕು? ಇಂಥ ಒಬ್ಬಳು ನನಗೆ ಗೊತ್ತು. ಅವಳ ಬಗ್ಗೆ ಇಲ್ಲಿ ಇನ್ನೇನೂ ಬರೆಯುವುದಿಲ್ಲ.

ಈ ಇಡೀ ವ್ಯವಹಾರದಲ್ಲಿ ನಿಜವಾಗಿ ಶಾಶ್ವತಕ್ಕೆ ಹತ್ತಿರವಾದದ್ದು ಒಂದಿದೆ, ಐ-864 ಎಂಬ ಪೋಷಣೆಯ ಪ್ರಮಾಣಪತ್ರ. ಬಡತನದ ರೇಖೆಯ ಶೇಕಡಾ 125ರ ಮಟ್ಟಕ್ಕಿಂತ ಸಂಗಾತಿಯನ್ನು ಕೆಳಗಿಳಿಯಲು ಬಿಡುವುದಿಲ್ಲವೆಂದು ಪ್ರಜೆ ಬರೆದುಕೊಡುವ ಈ ಮುಚ್ಚಳಿಕೆ ವಿಚ್ಛೇದನವಾದರೂ ಸಾಯುವುದಿಲ್ಲ. ಆಕೆ ಪ್ರಜೆಯಾಗಬೇಕು, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಸೇರಬೇಕು, ನಿವಾಸ ಬಿಟ್ಟು ದೇಶದಿಂದಾಚೆ ಹೋಗಬೇಕು, ಅಥವಾ ಇಬ್ಬರಲ್ಲೊಬ್ಬರು ಲೋಕವನ್ನೇ ಬಿಡಬೇಕು. ಅಗ್ನಿಸಾಕ್ಷಿಯಾಗಿ ಹೇಳಿದ ನಾತಿಚರಾಮಿ ಕೌಟುಂಬಿಕ ನ್ಯಾಯಾಲಯದಲ್ಲಿ ಕರಗೀತು, ನೀಲಿ ಶಾಯಿಯಲ್ಲಿ ಹೇಳಿದ್ದು ಕರಗದು.

ಮೊನ್ನೆ ಶನಿವಾರ ಎಡಿಸನ್ನಿನಿಂದ ಫೋನು ಬಂತು. ಹಿಂದಿನ ರಾತ್ರಿ ಇಬ್ಬರಿಗೂ ಅತ್ತೆಯ ಟಿಕೆಟ್ಟಿನ ವಿಷಯಕ್ಕೆ ಮಾತು ಬೆಳೆದು, ಅವನು ದಿಂಬು ಎತ್ತಿಕೊಂಡು ಹಜಾರದ ಸೋಫಾಕ್ಕೆ ಹೋಗಿದ್ದನಂತೆ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಾನು ಸಮಾಧಾನ ಹೇಳಲು ಹೊರಟೆ. ಅವಳು ಅದಕ್ಕಲ್ಲ ಮಾಮ ಫೋನು ಮಾಡಿದ್ದು ಎಂದು ನಡುವೆಯೇ ತಡೆದಳು. ಸಂದರ್ಶನ ಇದೇ ವಾರವಿದೆ, ಯಾರು ಎಲ್ಲಿ ಮಲಗುತ್ತೀರಿ ಎಂದು ಕೇಳಿದರೆ ದಿನನಿತ್ಯದ್ದನ್ನು ಹೇಳಬೇಕೋ ನಿನ್ನೆಯದನ್ನು ಹೇಳಬೇಕೋ, ಅವನು ಒಂದು ಹೇಳಿ ನಾನು ಇನ್ನೊಂದು ಹೇಳಿದರೆ ಏನು ಗತಿ ಎಂದು ಕೇಳಿದಳು. ಇಬ್ಬರೂ ಕೂತು ಮೊದಲು ಅದನ್ನು ಮಾತಾಡಿಕೊಳ್ಳಿ ಎಂದೆ. ಅವನ ಜೊತೆ ಮಾತು ಬಿಟ್ಟಿದ್ದೇನಲ್ಲ ಎಂದಳು.