ಬೆಲೆ ಕೇಳುವ ಮುಂಚೆ ಬೆನ್ನು ನೋಡಿ

ಪದರದ ಮೇಲೆ ಪದರ ಕಟ್ಟಿದ ಮಿಶ್ರ ಮಾಧ್ಯಮದ ಕೃತಿಯೊಂದು ಗ್ಯಾಲರಿಯಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿತು, ಮನೆಗೆ ಬಂದ ಮೇಲೂ ಕಣ್ಣ ಮುಂದಿನಿಂದ ಸರಿಯಲಿಲ್ಲ, ಕೊಳ್ಳಲೇಬೇಕು ಅನ್ನಿಸಿತು ಅಂದುಕೊಳ್ಳಿ. ಮಾರನೇ ದಿನ ಹೋದಾಗ ಮೊದಲು ಕೇಳಬೇಕಾದ್ದು ಬೆಲೆಯಲ್ಲ. "ಗೋಡೆಯಿಂದ ಇಳಿಸಿ ಸ್ವಲ್ಪ ಹಿಂಬದಿ ತೋರಿಸ್ತೀರಾ?" ಅಂತ ಕೇಳಿ. ಒಳ್ಳೆಯ ಗ್ಯಾಲರಿಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಹಣ ಕೊಡುವುದನ್ನು ಒಂದು ವಾರ ಮುಂದಕ್ಕೆ ಹಾಕಿ.

ಹೊಸದಾಗಿ ಕಲೆ ಸಂಗ್ರಹಕ್ಕೆ ಇಳಿದವರು ಸಾಮಾನ್ಯವಾಗಿ ಕೇಳುವುದು ಎರಡು ಮಾತು: ಇದರ ಅರ್ಥ ಏನು, ಹತ್ತು ವರ್ಷಕ್ಕೆ ಬೆಲೆ ಏರುತ್ತಾ? ಕೇಳಲಿ, ತಪ್ಪಿಲ್ಲ. ಆದರೆ ಹತ್ತು ವರ್ಷಕ್ಕೆ ಕೃತಿ ಇದೇ ಸ್ಥಿತಿಯಲ್ಲಿರುತ್ತಾ ಅನ್ನುವುದು ಅದಕ್ಕಿಂತ ಮುಂಚಿನ ಪ್ರಶ್ನೆ. ಬರೀ ಎಣ್ಣೆಬಣ್ಣದ ಕ್ಯಾನ್ವಾಸ್ ಆದರೆ ಅದರ ಮುಪ್ಪು ಹೇಗಿರುತ್ತದೆ ಅಂತ ನೂರಾರು ವರ್ಷಗಳ ಅನುಭವ ಹೇಳುತ್ತದೆ. ಮಿಶ್ರ ಮಾಧ್ಯಮದ್ದು ಹಾಗಲ್ಲ. ಹಳೆ ಪತ್ರಿಕೆ, ಫೋಟೋ, ಬಟ್ಟೆ, ಅಕ್ರಿಲಿಕ್, ಮೇಣ, ತುಕ್ಕು ಹಿಡಿದ ತಗಡು ಎಲ್ಲ ಒಂದೇ ಚೌಕಟ್ಟಿನಲ್ಲಿ ಇರುತ್ತವೆ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ತಗಡು ಅಲ್ಲಾಡುವುದಿಲ್ಲ. ಬೇಸಿಗೆಯಲ್ಲಿ ಮೇಣ ಮೆತ್ತಗಾಗುತ್ತದೆ, ಕಾಗದ ಒಣಗಿ ಕುಗ್ಗುತ್ತದೆ. ಪದರಗಳು ಒಂದನ್ನೊಂದು ಹೀಗೆ ಎಳೆದಾಡುತ್ತಾ ಕೊನೆಗೆ ಅಂಟು ಇರುವ ಕಡೆಯೇ ಬಿಟ್ಟುಕೊಳ್ಳುತ್ತವೆ.

ಕಲಾವಿದೆ ನಳಿನಿ ಮಲಾನಿ ಅವರ ಕೃತಿಗಳನ್ನೇ ನೋಡಿ. 1946ರಲ್ಲಿ ಕರಾಚಿಯಲ್ಲಿ ಹುಟ್ಟಿ, ವಿಭಜನೆಯ ಹೊತ್ತಿಗೆ ಕುಟುಂಬದೊಂದಿಗೆ ಭಾರತಕ್ಕೆ ಬಂದವರು. ಜಪಾನಿನ 2023ರ ಕ್ಯೋಟೊ ಪ್ರಶಸ್ತಿ ಅವರಿಗೆ ಸಂದಿದೆ. ಚಿತ್ರಕಾರ ಭೂಪೇನ್ ಖಾಖರ್ ಅವರಿಂದ ಕಲಿತ ಗಾಜಿನ ಹಿಂಬದಿ ಚಿತ್ರಣವನ್ನು ಅವರು ಅಕ್ರಿಲಿಕ್ ಹಾಳೆಗೆ, ಮೈಲಾರ್ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆಗೆ ಒಯ್ದರು. ಬಣ್ಣ, ಶಾಯಿ, ಎನಾಮೆಲ್ ಎಲ್ಲವೂ ಪಾರದರ್ಶಕ ಹಾಳೆಯ ಹಿಂದೆ ಕೂತಿರುತ್ತವೆ. ಗ್ರೀಕ್ ಪುರಾಣದ ಕಸಾಂಡ್ರಾ, ಮೀಡಿಯಾ, ನಮ್ಮ ಸೀತೆಯಂಥ ಹೆಣ್ಣುಗಳು ಅಲ್ಲಿ ಒಬ್ಬರ ಮೈಯೊಳಗಿಂದ ಇನ್ನೊಬ್ಬರು ಹೊರಬರುತ್ತಿರುವ ಹಾಗೆ ಕಾಣುತ್ತಾರೆ. ಜರ್ಮನಿಯಲ್ಲಿ ನಡೆಯುವ ಡಾಕ್ಯುಮೆಂಟಾ ಕಲಾಪ್ರದರ್ಶನದಲ್ಲಿ 2012ರಲ್ಲಿ ತಿರುಗುವ ಮೈಲಾರ್ ಉರುಳೆಗಳ ಮೂಲಕ ವಿಡಿಯೊ ಬೆಳಕು ಹಾಯಿಸಿ, ಅದೇ ಚಿತ್ರಗಳ ನೆರಳು ಕೋಣೆಯ ಗೋಡೆಗಳ ಮೇಲೆ ಓಡುವಂತೆ ಮಾಡಿದ್ದರು. ಗೋಡೆಗೆ ತೂಗುಹಾಕುವ ಹಾಳೆಗಳಲ್ಲೂ ಇದರ ಚಿಕ್ಕ ರೂಪ ನೋಡಬಹುದು. ಪಾರದರ್ಶಕ ಹಾಳೆಗೂ ಅದರ ಹಿಂದಿನ ಹಲಗೆಗೂ ನಡುವೆ ಒಂದಿಷ್ಟು ಜಾಗವಿದ್ದರೆ, ಬಣ್ಣದ ನೆರಳು ಹಲಗೆಯ ಮೇಲೆ ಬಿದ್ದು ಚಿತ್ರ ಎರಡಾಗುತ್ತದೆ. ಮೈ ಜುಮ್ಮೆನಿಸುವುದು ಅಲ್ಲಿ. ಹೊಸ ಫ್ರೇಮ್ ಹಾಕುವವರು ಆ ಜಾಗವನ್ನು ಮುಚ್ಚಿ ಹಲಗೆಯನ್ನು ಹಾಳೆಗೆ ಒತ್ತಿಬಿಟ್ಟರೆ ಬಣ್ಣ ಎಲ್ಲ ಇದ್ದೂ ಕೃತಿ ಸತ್ತುಹೋಗುತ್ತದೆ.

ಹಿಂಬದಿ ಚಿತ್ರಣದಲ್ಲಿ ಎಲ್ಲ ಉಲ್ಟಾ. ಕ್ಯಾನ್ವಾಸಿನಲ್ಲಿ ಕೊನೆಗೆ ಇಡುವ ಕಣ್ಣಿನ ಹೊಳಪು, ಮೂಗುತಿಯ ಚುಕ್ಕಿ ಇಲ್ಲಿ ಮೊದಲು ಬರುತ್ತವೆ. ಆಮೇಲೆ ರೇಖೆ, ಆಮೇಲೆ ಮೈಬಣ್ಣ, ಎಲ್ಲಕ್ಕಿಂತ ಕೊನೆಗೆ ಹಿನ್ನೆಲೆ. ಮೊದಲು ಹಚ್ಚಿದ್ದನ್ನೇ ನೋಡುಗ ನೋಡುವುದರಿಂದ ತಪ್ಪಿದರೆ ಮೇಲೊಂದು ಪದರ ಹಚ್ಚಿ ಮುಚ್ಚುವ ದಾರಿಯೇ ಇಲ್ಲ. ನಯವಾದ ಮೇಲ್ಮೈಗೆ ಬಣ್ಣ ಹಿಡಿದುಕೊಳ್ಳುವುದೂ ಕಷ್ಟ. ಬಣ್ಣ ಸರಿಯಾಗಿ ಹಿಡಿದಿರುವ ಕಡೆ ಒದ್ದೆಯಾಗಿದ್ದಂತೆ ಗಾಢವಾಗಿ ಕಾಣುತ್ತದೆ. ಕಿತ್ತು ಬಂದಿರುವ ಕಡೆ ನಡುವೆ ಗಾಳಿ ಸೇರಿಕೊಂಡು ಮಂಕಾದ ಬೆಳ್ಳಿ ಬಣ್ಣದ ತೇಪೆ ಕಾಣುತ್ತದೆ. ಮುಂಬದಿಯಿಂದ ನೋಡುತ್ತಾ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ. ತೇಪೆ ಮಿನುಗಿದರೆ ಆ ಭಾಗದ ಚಕ್ಕೆ ಬೀಳಲು ತಯಾರಾಗಿದೆ ಅಂತಲೇ ತಿಳಿಯಿರಿ.

ಈ ಪರೀಕ್ಷೆಯನ್ನು ಯಾವುದೇ ಪದರದ ಕೃತಿಗೂ ಸ್ವಲ್ಪ ಬದಲಿಸಿ ಮಾಡಬಹುದು. ಮೊಬೈಲ್ ಟಾರ್ಚನ್ನು ಕೃತಿಯ ಅಂಚಿನ ಪಕ್ಕದಲ್ಲಿಟ್ಟು ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ, ಹತ್ತು ಹದಿನೈದು ಡಿಗ್ರಿಯ ಓರೆಯಲ್ಲಿ ಹಿಡಿಯಿರಿ. ಎದುರು ಬೆಳಕಿನಲ್ಲಿ ಕಾಣದ ಉಬ್ಬು, ಬಿರುಕು, ಎದ್ದ ಅಂಚು ಎಲ್ಲ ನೆರಳಾಗಿ ಎದ್ದು ಕಾಣುತ್ತವೆ. ನಾಲ್ಕೂ ದಿಕ್ಕಿನಿಂದ ಹಿಡಿದು ಫೋಟೋ ತೆಗೆಯಿರಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಸೂರ ಜೇಬಿನಲ್ಲಿದ್ದರೆ ಕಾಗದದ ಅಂಚುಗಳನ್ನು ನೋಡಿ. ತುಂಡುಗಳನ್ನು ಅಂಟಿಸಿ ಮಾಡಿದ ಕೊಲಾಜಿನಲ್ಲಿ ಮೊದಲು ಏಳುವುದು ಮೂಲೆಗಳೇ.

ಇನ್ನು ಅಂಟಿನ ಮಾತು, ನನ್ನ ಮಟ್ಟಿಗೆ ಇದೇ ಮುಖ್ಯ. ಫೆವಿಕಾಲ್ ತರಹದ ಬಿಳಿ ಪಿವಿಎ ಅಂಟು ಒಣಗಿ ವರ್ಷಗಳಾದ ಮೇಲೆ ಕಾಗದಕ್ಕೆ ಪೆಟ್ಟಾಗದಂತೆ ಬಿಡಿಸುವುದು ಬಹಳ ಕಷ್ಟ. ಸಾಧಾರಣ ದರ್ಜೆಯದಾದರೆ ಹಳದಿಯಾಗುತ್ತದೆ, ಆಮ್ಲವನ್ನೂ ಬಿಡುತ್ತದೆ. ಸೆಲ್ಲೋಟೇಪು, ರಬ್ಬರ್ ಅಂಟು ಇನ್ನೂ ಕೆಟ್ಟವು. ಅವುಗಳ ಎಣ್ಣೆ ಕಾಗದದ ಮುಂಬದಿಗೆ ಇಳಿದು ಕಂದು ಕಲೆಯಾಗಿ ನಿಲ್ಲುತ್ತದೆ. ಗೋಧಿ ಪಿಷ್ಟದ ಅಂಟು, ಮೀಥೈಲ್ ಸೆಲ್ಯುಲೋಸ್ ಒಳ್ಳೆಯವು, ನೀರಿನ ತೇವದಿಂದ ಬಿಡಿಸಬಹುದು. ಮೈದಾ ಅಂಟಿಗೆ ಹುಳ ಬರದಿರಲಿ ಅಂತ ಬೈಂಡಿಂಗ್ ಮಾಡುವವರು ಮೈಲುತುತ್ತ ಹಾಕುತ್ತಾರಲ್ಲ, ಹುಳವೇನೋ ದೂರ ಇರುತ್ತದೆ, ಆದರೆ ಆ ತಾಮ್ರವೇ ಕಾಗದವನ್ನು ಬೇಗ ಪುಡಿಯಾಗಿಸುತ್ತದೆ. ಹಳೇ ಲೆಕ್ಕದ ಪುಸ್ತಕದ ಹಾಳೆಗಳನ್ನು ಬಳಸಿದ ಕೃತಿಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಪತ್ರಿಕಾ ಕಾಗದದಲ್ಲಿ ಮರದಿಂದ ಬಂದ ಲಿಗ್ನಿನ್ ಅನ್ನುವ ವಸ್ತು ಇರುವುದರಿಂದ ಬೆಳಕಿಗೆ ಹಳದಿಯಾಗಿ ಮುರಿಯುವುದು ಖಂಡಿತ. ಹಳತಾಗಿ ಕಾಣಲಿ ಅಂತ ಚಹಾದಲ್ಲಿ ಅದ್ದಿದ ಕಾಗದವೂ ಅಷ್ಟೇ, ಚಹಾದ ಒಗರಿನ ಟ್ಯಾನಿನ್ ಆಮ್ಲೀಯ. ಬಂಗಾರದ ರೇಕು ಅಂದರೆ ನಿಜವಾದ ಬಂಗಾರವೇ ಅಥವಾ ಹಿತ್ತಾಳೆಯ ರೇಕೇ ಅಂತಲೂ ಕೇಳಿ. ಹಿತ್ತಾಳೆಯದು ಕಪ್ಪಾಗುತ್ತದೆ, ಹಸಿರಾಗುತ್ತದೆ.

ಕರಗಿಸಿದ ಜೇನುಮೇಣದಲ್ಲಿ ಮಾಡಿದ, ಎನ್‌ಕಾಸ್ಟಿಕ್ ಅಂತ ಕರೆಯುವ ಕೃತಿಗಳಲ್ಲಿ ಸಾಮಾನ್ಯವಾಗಿ ಎಂಟು ಭಾಗ ಮೇಣಕ್ಕೆ ಒಂದು ಭಾಗ ಡಮ್ಮಾರ್ ಅನ್ನುವ ಮರದ ರಾಳ ಇರುತ್ತದೆ. ಒಳಗಿನ ಫೋಟೋ ಮಂಜಿನಲ್ಲಿ ಕಂಡ ಹಾಗೆ ಕಾಣುವುದು ಈ ಮೇಣದಿಂದಲೇ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ, ಮೆತ್ತಗಾಗುವುದು ಅದಕ್ಕಿಂತ ಬಹಳ ಮುಂಚೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಅಷ್ಟು ಶಾಖ ಏರುವುದು ಕಷ್ಟವೇನಲ್ಲ. ಮೇಲೆ ಬಿಳಿ ಮಬ್ಬು ಕಂಡರೆ ಬೂಷ್ಟು ಅಂತ ಗಾಬರಿಯಾಗಬೇಡಿ. ಅದು ಮೇಣವೇ ಹೊರಬಂದಿರುವುದು, ಮೆತ್ತನೆ ಹತ್ತಿಬಟ್ಟೆಯಿಂದ ಹಗುರವಾಗಿ ಉಜ್ಜಿದರೆ ಹೋಗುತ್ತದೆ. ಉಜ್ಜಿದಾಗ ಪುಡಿ ಹರಡಿ ಮತ್ತೆ ಬೆಳೆದರೆ ಮಾತ್ರ ಬೂಷ್ಟು.

ಕಲಾವಿದರನ್ನು ಕೇಳಲೇಬೇಕಾದ ಪ್ರಶ್ನೆಗೆ ಬರೋಣ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರು 1990ರ ದಶಕದಲ್ಲಿ ಬಣ್ಣ ಬಿಟ್ಟು ಸಗಣಿ ಹಿಡಿದರು. ಸೂಜಿಕಣ್ಣುಗಳಲ್ಲಿ ಪೋಣಿಸಿದ ದಾರಗಳನ್ನು ಕುಂಕುಮ, ಅಂಟಿನಲ್ಲಿ ಅದ್ದಿ ಹಗ್ಗವಾಗಿಸಿದರು. ಸಗಣಿಯಾಗಲಿ ಕುಂಕುಮವಾಗಲಿ ಮೊದಲ ದಿನದ ಹಾಗೆಯೇ ಇರುವ ವಸ್ತುಗಳಲ್ಲ. ಜರ್ಮನಿಯ ಕಲಾವಿದ ಆನ್ಸೆಲ್ಮ್ ಕೀಫರ್ ಕ್ಯಾನ್ವಾಸಿಗೆ ಹುಲ್ಲು ಅಂಟಿಸುತ್ತಾರೆ, ಹುಲ್ಲು ಉದುರುತ್ತದೆ. ಇಂಥ ಕಡೆ ಬದಲಾವಣೆ ಅನ್ನುವುದೆಲ್ಲ ಹಾನಿಯಲ್ಲ. ಆದರೆ ಯಾವ ಬದಲಾವಣೆ ಕೃತಿಯ ಪಾಲು, ಯಾವುದು ಹಾನಿ ಅಂತ ತೀರ್ಮಾನಿಸುವ ಹಕ್ಕು ಸಂಗ್ರಾಹಕನಿಗೂ ಇಲ್ಲ, ಫ್ರೇಮ್ ಅಂಗಡಿಯವನಿಗೂ ಇಲ್ಲ. ಅದನ್ನು ಕಲಾವಿದರೇ ಬರೆದುಕೊಡಬೇಕು. ಅದಕ್ಕೇ ಕೊಳ್ಳುವಾಗ ಬಿಲ್ಲು, ಕೃತಿಯ ಫೋಟೋದ ಮೇಲೆ ಕಲಾವಿದರ ಸಹಿ ಇರುವ ದೃಢೀಕರಣ ಪತ್ರದ ಜೊತೆಗೆ ಒಂದು ಪುಟದ ಪದರಪಟ್ಟಿ ಕೇಳಿ. ತಳದಿಂದ ಮೇಲಿನವರೆಗೆ ಏನೇನಿದೆ, ಯಾವ ಅಂಟು, ಕೊನೆಗೆ ವಾರ್ನಿಷ್ ಇದೆಯೋ ಇಲ್ಲವೋ, ಯಾವ ಭಾಗ ಮಾಸಿದರೂ ಮುಟ್ಟಬಾರದು, ಯಾವುದು ಬಿದ್ದರೆ ಹೊಸದು ಹಾಕಬಹುದು, ಹಿಂದಿನ ಅಂತರ ಎಷ್ಟು ಮಿಲಿಮೀಟರ್. "ಮಿಶ್ರ ಮಾಧ್ಯಮ" ಅಂತ ಎರಡು ಪದ ಬರೆದ ಚೀಟಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಗ್ಯಾಲರಿಗಳು ಇಂಥ ಪಟ್ಟಿಯನ್ನು ತಾವಾಗಿಯೇ ಕೊಡುವಂತಾಗಬೇಕು. ಕೊಳ್ಳುವವರು ಕೇಳುತ್ತಾ ಹೋದರೆ ಮಾತ್ರ ಅದು ಆಗುತ್ತದೆ.

ಪಟ್ಟಿ ಕಾನೂನಿನ ದೃಷ್ಟಿಯಿಂದಲೂ ಬೇಕು. ಅಮೆರಿಕದ ಕಲಾವಿದ ರಾಬರ್ಟ್ ರೌಷನ್‌ಬರ್ಗ್ ಅವರ 1959ರ 'ಕ್ಯಾನ್ಯನ್' ಕೃತಿಯಲ್ಲಿ, ಸತ್ತ ಮೇಲೆ ಒಳಗೆ ತುಂಬಿ ಕಾಪಿಟ್ಟ ಬೋಳುತಲೆ ಹದ್ದಿನ ದೇಹವಿದೆ. ಅಮೆರಿಕದ ಕಾನೂನಿನಂತೆ ಆ ಹಕ್ಕಿಯನ್ನು ಮಾರುವಂತಿಲ್ಲ. ಒಡತಿ ತೀರಿಕೊಂಡ ಮೇಲೆ ವಾರಸುದಾರರು ಇದರ ಬೆಲೆ ಸೊನ್ನೆ ಅಂದರು, ತೆರಿಗೆ ಇಲಾಖೆ 6.5 ಕೋಟಿ ಡಾಲರ್ ಅಂದಿತು. 2012ರಲ್ಲಿ ಕೃತಿಯನ್ನು ನ್ಯೂಯಾರ್ಕಿನ ಆಧುನಿಕ ಕಲೆಯ ಮೋಮಾ ಸಂಗ್ರಹಾಲಯಕ್ಕೆ ದಾನ ಕೊಟ್ಟ ಮೇಲಷ್ಟೇ ವಿಷಯ ಬಗೆಹರಿಯಿತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ದಂತ, ಜಿಂಕೆ ಕೊಂಬು ಇರುವ ಕೃತಿಯ ತಂಟೆಗೇ ಹೋಗಬೇಡಿ. ನವಿಲುಗರಿ ದೇಶದೊಳಗೆ ಇಟ್ಟುಕೊಳ್ಳಬಹುದು, ಹೊರದೇಶಕ್ಕೆ ಕಳಿಸುವಂತಿಲ್ಲ. ಓಲೆಗರಿ, ಹಳೇ ಹಸ್ತಪ್ರತಿಯ ಪುಟ ಅಂಟಿಸಿದ್ದರೆ ಅದೆಷ್ಟು ಹಳೆಯದು ಅಂತ ಕೇಳಿ. ಮೌಲ್ಯವುಳ್ಳ ಹಸ್ತಪ್ರತಿ 75 ವರ್ಷ ದಾಟಿದ್ದರೆ ಅದನ್ನು ಪುರಾವಸ್ತು ಅಂತ ಪರಿಗಣಿಸುತ್ತಾರೆ. ಬೆಂಗಳೂರಿನಲ್ಲಿ ಕೊಂಡು ಅಮೆರಿಕದ ಮನೆಗೆ ಒಯ್ಯುವ ಯೋಚನೆ ಇರುವವರು ಇದನ್ನು ಮೊದಲೇ ವಿಚಾರಿಸಬೇಕು.

ಹಣ ಕೊಟ್ಟ ಮಾತ್ರಕ್ಕೆ ಕೃತಿಯನ್ನು ಏನು ಬೇಕಾದರೂ ಮಾಡಬಹುದು ಅಂತಲ್ಲ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದದ್ದನ್ನು ಕಲಾವಿದರಿಗೆ ಹಿಂತಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ತೀರ್ಪಿತ್ತಿತು. ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್, ತಮ್ಮ ಕೃತಿಗೆ ಯಾರೂ ಭಂಗ ತರಬಾರದು ಅನ್ನುವ ಕಲಾವಿದರ ಹಕ್ಕನ್ನು ಕಾಯುತ್ತದೆ. ಹಾಗಾಗಿ ಸೋಫಾ ಮೇಲಿನ ಗೋಡೆಗೆ ಹೊಂದಲಿಲ್ಲ ಅಂತ ಅಂಚು ಕತ್ತರಿಸುವುದು, ಎರಡು ಫಲಕದ ಕೃತಿಯಲ್ಲಿ ಒಂದನ್ನು ಮಾತ್ರ ಹಾಕುವುದು ಬೇಡವೇ ಬೇಡ.

ಫ್ರೇಮ್ ಹಾಕಿಸುವಾಗ ಪೆಟ್ಟಿಗೆಯಂಥ ಆಳದ ಫ್ರೇಮೇ ಬೇಕು. ಕೃತಿಯ ಅತಿ ದಪ್ಪ ಭಾಗಕ್ಕೂ ಮುಂದಿನ ಗಾಜಿಗೂ ಕಡಿಮೆಯೆಂದರೆ 6 ಮಿಲಿಮೀಟರ್ ಅಂತರ ಇರಲಿ. ಅಕ್ರಿಲಿಕ್ ಬಣ್ಣ ನಮ್ಮ ಕೋಣೆಗಳ ಶಾಖಕ್ಕೆ ಪೂರ್ತಿ ಗಟ್ಟಿಯಾಗುವುದೇ ಇಲ್ಲ, ಗಾಜಿಗೆ ತಾಗಿದರೆ ಹಿಡಿದುಕೊಂಡುಬಿಡುತ್ತದೆ. ದೊಡ್ಡ ಕೃತಿಗೆ ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಗುರ. 3 ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಗಾಜು ಸುಮಾರು ಏಳೂವರೆ ಕಿಲೋ ತೂಗಿದರೆ ಅಕ್ರಿಲಿಕ್ ಮೂರೂವರೆ ಕಿಲೋ ಆಸುಪಾಸು. ಆದರೆ ಇದ್ದಿಲು, ಪೇಸ್ಟಲ್ ಪುಡಿ ಇರುವ ಕೃತಿಗೆ ಅಕ್ರಿಲಿಕ್ ಹಾಕಿಸಬೇಡಿ. ಒಣಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು, ಸ್ಥಿರ ವಿದ್ಯುತ್ತು ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಇನ್ನು ಚಿತ್ರವೇ ಅಕ್ರಿಲಿಕ್ ಹಾಳೆಯ ಮೇಲಿದ್ದರೆ ಅದಕ್ಕೆ ಹಿಗ್ಗಲು ಜಾಗ ಬೇಕು. ಒಂದು ಮೀಟರ್ ಹಾಳೆ 20 ಡಿಗ್ರಿ ಏರಿಕೆಗೆ ಸುಮಾರು 1.4 ಮಿಲಿಮೀಟರ್ ಬೆಳೆಯುತ್ತದೆ. ಬಿಗಿಯಾಗಿ ಕೂರಿಸಿದರೆ ಹಾಳೆ ಬಿಲ್ಲಿನಂತೆ ಬಾಗಿ ಹಿಂದಿನ ಬಣ್ಣ ಸಿಡಿಯುತ್ತದೆ. ಗಾಜು ಒರೆಸುವ ನೀಲಿ ದ್ರವವನ್ನು ಅದರ ಹತ್ತಿರಕ್ಕೂ ತರಬೇಡಿ, ಸೂಕ್ಷ್ಮ ಬಿರುಕು ಬಿಡುತ್ತದೆ.

ಹಿಂಬದಿಗೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ, ಅದು ಬಿಡುವ ಆಮ್ಲದ ಆವಿ ಕಾಗದಕ್ಕೂ ಲೋಹಕ್ಕೂ ಕೆಟ್ಟದ್ದು. ಆಮ್ಲರಹಿತ ಮೌಂಟ್ ಬೋರ್ಡು, ಅದರ ಹಿಂದೆ ಪಾಲಿಪ್ರಾಪಿಲೀನ್ ಹಾಳೆ ಸಾಕು. ಕೆಳಗಿನ ಎರಡು ಮೂಲೆಗೆ ಬಿರಡೆ ತುಂಡು ಅಂಟಿಸಿ, ಗೋಡೆಗೂ ಫ್ರೇಮಿಗೂ 10 ಮಿಲಿಮೀಟರ್ ಗಾಳಿಯಾಡುವ ಜಾಗ ಬಿಡಿಸಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದು ತಪ್ಪಲೇಬಾರದು. ತೇವಾಂಶ ಶೇಕಡ 65 ದಾಟಿ ಹಾಗೇ ನಿಂತರೆ ಬೂಷ್ಟು ಶುರು, ಅಲ್ಲಿ ಆಷಾಢ ಶ್ರಾವಣದಲ್ಲಿ ಅದು ದಿನನಿತ್ಯದ ಮಾತು. ಹೊರಗೋಡೆಗೆ, ಬಚ್ಚಲುಮನೆಗೆ ಆತುಕೊಂಡ ಗೋಡೆಗೆ ತೂಗುಹಾಕಬೇಡಿ. ಹುಳಕ್ಕೆ ಹೆದರಿ ಫ್ರೇಮಿನೊಳಗೆ ನುಸಿಗುಳಿಗೆ ಇಡುವ ಅಭ್ಯಾಸವನ್ನೂ ಬಿಡಿ, ಅದರ ಆವಿ ರಾಳ, ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಕಾಗದ, ಫೋಟೋ, ಬಟ್ಟೆ ಇರುವ ಕೃತಿಯ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೇಡ. ಅದು ಮಬ್ಬು ಅನ್ನಿಸಬಹುದು, ಕಣ್ಣು ಸ್ವಲ್ಪ ಹೊತ್ತಿನಲ್ಲಿ ಒಗ್ಗಿಕೊಳ್ಳುತ್ತದೆ.

ಸಾಗಿಸುವಾಗ ಬಬಲ್ ರ್‍ಯಾಪನ್ನು ಬಣ್ಣಕ್ಕೆ ತಾಗಿಸಿ ಸುತ್ತಿದರೆ ಗುಳ್ಳೆಗಳ ಅಚ್ಚು ಅಕ್ರಿಲಿಕ್ಕಿನಲ್ಲಿ ಸಾಲುಸಾಲಾಗಿ ಮೂಡುತ್ತದೆ, ಅದನ್ನು ಅಳಿಸಲಾಗುವುದಿಲ್ಲ. ಮೊದಲು ಸಿಲಿಕೋನ್ ಲೇಪಿಸಿದ ಕಾಗದ, ಆಮೇಲೆ ಗಟ್ಟಿ ರಟ್ಟು, ಅದರ ಮೇಲೆ ಗುಳ್ಳೆ ಹೊರಮುಖವಾಗಿ ಬಬಲ್ ರ್‍ಯಾಪ್. ಗಾಡಿಯಲ್ಲಿ ನಿಲ್ಲಿಸಿಯೇ ಒಯ್ಯಬೇಕು.

ಎಷ್ಟು ಜೋಪಾನ ಮಾಡಿದರೂ ಒಂದು ದಿನ ಫ್ರೇಮಿನ ತಳದಲ್ಲಿ ಉಗುರಿನಷ್ಟು ಚಕ್ಕೆ ಬಿದ್ದಿರುತ್ತದೆ. ಆಗ ಮನೆಯಲ್ಲಿರುವ ಅಂಟು ತೆಗೆದು ಕೂರಬೇಡಿ, ಫ್ರೇಮನ್ನು ಅಲ್ಲಾಡಿಸಲೂ ಬೇಡಿ. ಚಕ್ಕೆ ಬಿದ್ದ ಜಾಗದ ಫೋಟೋ ತೆಗೆದು, ಕೃತಿಯನ್ನು ನಿಧಾನವಾಗಿ ಇಳಿಸಿ, ಚಿತ್ರ ಮೇಲ್ಮುಖವಾಗಿರುವಂತೆ ಮಲಗಿಸಿ. ಹಿಂಬದಿ ಚಿತ್ರಣವಾದರೆ ಬಣ್ಣದ ಬದಿ ಮೇಲಕ್ಕೆ ಇರಬೇಕು. ಫ್ರೇಮ್ ಬಿಚ್ಚಿದ ಮೇಲೆ ಒದ್ದೆ ಮಾಡದ ಮೆತ್ತನೆ ಕುಂಚದಿಂದ ಚಕ್ಕೆಯನ್ನು ಮಡಚಿದ ಕಾಗದಕ್ಕೆ ಸರಿಸಿ, ಮೇಲೆ ದಿನಾಂಕ ಬರೆದು, ಎಡ ಅಂಚಿನಿಂದ ಎಷ್ಟು, ತಳದಿಂದ ಎಷ್ಟು ಸೆಂಟಿಮೀಟರ್ ಅಂತ ಗುರುತು ಹಾಕಿಡಿ. ಆ ಪೊಟ್ಟಣ, ಪದರಪಟ್ಟಿ, ಕೊಂಡ ದಿನದ ಓರೆಬೆಳಕಿನ ಫೋಟೋಗಳು ಇವಿಷ್ಟು ಕೈಯಲ್ಲಿದ್ದರೆ, ಕಲೆ, ಪರಂಪರೆಯನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರಿನ ಸಂರಕ್ಷಣಾ ಕೇಂದ್ರದಂಥ ಕಡೆ ಅದೇ ಚಕ್ಕೆಯನ್ನು ಅದೇ ಜಾಗಕ್ಕೆ ಕೂರಿಸುವ ಕೆಲಸ ಶುರು ಮಾಡಬಹುದು.