ನೀಲಿ ಕನ್ನಡಿ ಹಾಕಿಸಿ, ಆದರೆ ತಿರುಗಿ ನೋಡೋದನ್ನ ಬಿಡಬೇಡಿ

ಅಗಲ ನೋಟದ ನೀಲಿ ಸೈಡ್ ಮಿರರ್ ಹಾಕಿಸಿದರೆ ಬ್ಲೈಂಡ್ ಸ್ಪಾಟ್ (ಕನ್ನಡಿಯಲ್ಲಿ ಕಾಣದ ಜಾಗ) ಚಿಂತೆಯೇ ಇಲ್ಲ ಅಂತ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ನಿಜ ಸರ್. ಎಂಟು ತಿಂಗಳಿಂದ ನನ್ನ ಕಾರಿನಲ್ಲೂ ಇದೆ. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಓಡಾಟ. ಬಿಆರ್‌ಟಿಎಸ್ ಬಸ್ಸುಗಳಿಗೆ ನಡುವಿನ ಲೇನ್, ನಾವೆಲ್ಲ ಪಕ್ಕದಲ್ಲಿ. ಉಣಕಲ್ ಕೆರೆ ಹತ್ತಿರ ಎಡಗಡೆಯಿಂದ ನುಗ್ಗುವ ಬೈಕುಗಳು ಹಳೇ ಕನ್ನಡಿಯಲ್ಲಿ ಹಿಂದಿನ ಬಾಗಿಲ ಪಕ್ಕ ಬಂದ ಕೂಡಲೇ ಮಾಯವಾಗುತ್ತಿದ್ದವು. ಈಗ ಹ್ಯಾಂಡಲ್ ತುದಿಯಾದರೂ ಕಾಣುತ್ತದೆ. ರಾತ್ರಿ ಹಿಂದಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆಯುವುದೂ ಕಮ್ಮಿ.

ಆದರೆ ಗಾಜು ಜಾಸ್ತಿ ಉಬ್ಬಿರುವುದರಿಂದ ಎಲ್ಲವೂ ಚಿಕ್ಕದಾಗಿ, ದೂರ ಇದ್ದಂತೆ ಕಾಣುತ್ತದೆ. ಮೊದಲ ವಾರ ನವನಗರದ ಹತ್ತಿರ ಟೆಂಪೊ ಇನ್ನೂ ಹಿಂದಿದೆ ಅಂದುಕೊಂಡು ಬಲಕ್ಕೆ ಸರಿದೆ. ಹಾರ್ನ್ ಕಿವಿ ಪಕ್ಕದಲ್ಲೇ ಕೇಳಿಸಿತು. ಹಿಂದಿನ ಸೀಟಿನಲ್ಲಿ ಮಗಳಿದ್ದಳು. ಸ್ಟೇರಿಂಗ್ ಹಿಡಿದ ಕೈ ಮನೆ ಮುಟ್ಟುವವರೆಗೂ ನಡುಗುತ್ತಿತ್ತು. ಒಳಗಿನ ಕನ್ನಡಿ ಸಪಾಟಾಗಿರುತ್ತದೆ, ದೂರದ ಅಂದಾಜು ಅದರಲ್ಲೇ ಸರಿ ಸಿಗುತ್ತದೆ. ಈಗ ಅದನ್ನು ನೋಡಿ, ಕತ್ತು ತಿರುಗಿಸಿ ನೋಡಿಯೇ ಲೇನ್ ಬದಲಿಸುತ್ತೇನೆ.

ಮಳೆಗಾಲದ ಸಂಜೆ ಈ ನೀಲಿ ಗಾಜಿನಲ್ಲಿ ಲೈಟಿಲ್ಲದ ಸೈಕಲ್ ಕಾಣುವುದು ಬಲು ಕಷ್ಟ. ಇದನ್ನೂ ಬರೆಯಬೇಕಿತ್ತು ಅಲ್ವಾ? ಕೊಳ್ಳುವವರು ದಯವಿಟ್ಟು ತಿಳಿ ಬಣ್ಣದ್ದೇ ತಗೊಳ್ಳಿ.